ಬ್ರೇಕ್ ದೀಪದ ಎಳೆ

"ಟಾರ್ಚು ಸ್ವಲ್ಪ ಕೆಳಗೆ ಹಿಡಿಯಮ್ಮಾ. ಇನ್ನೂ ಕೆಳಗೆ. ಹಾಂ, ಅಲ್ಲೇ. ಕೈ ಅಲ್ಲಾಡಿಸಬೇಡ."

ಸರ್ವೇಯರಮ್ಮ ಕನ್ನಡಕವನ್ನು ಹಣೆಗೇರಿಸಿ, ಮಡಚಿದ ಗೋಣಿಚೀಲದ ಮೇಲೆ ಮಂಡಿಯೂರಿ, ಬೆಳ್ಳಕ್ಕಿಯ ಒಡೆದ ಹಿಂಬದಿ ದೀಪದೊಳಗೆ ಚಿಮಟ ತೂರಿಸಿದಳು. ಕೆಂಪು ಚೂರುಗಳು ಟಪಟಪನೆ ಉದುರಿದವು. ಆಮೇಲೆ ಚಿಮಟದ ತುದಿಗೆ ಒಂದು ಬಲ್ಬು ಸಿಕ್ಕಿಕೊಂಡು ಹೊರಬಂತು. ಅದರ ಗಾಜಿನ ಬುರುಡೆ ಹೋಗಿತ್ತು. ಹಿತ್ತಾಳೆಯ ಬುಡ, ಬುಡದ ಮೇಲೆ ಎರಡು ಪುಟ್ಟ ಕಡ್ಡಿ, ಕಡ್ಡಿಗಳಿಗೆ ಅಂಟಿಕೊಂಡ ಕೂದಲೆಳೆಯಂಥ ತಂತಿ ಮಾತ್ರ ಉಳಿದಿದ್ದವು.

"ಇದೇನಕ್ಕಾ, ಕಸ?" ಎಂದಳು ಟಾರ್ಚು ಹಿಡಿದು ನಿಂತಿದ್ದ ಮೇಷ್ಟ್ರ ಮಗಳು.

"ಕಸವೇ. ವಿಮಾ ಕಂಪನಿಯವರಿಗೆ ಹಾಗೆ ಕಂಡಿದ್ದಕ್ಕೇ ನಮಗೆ ಸಿಕ್ಕಿತು."

ಬೆಳ್ಳಕ್ಕಿ ಎಂದರೆ ಡ್ರೈವಿಂಗ್ ಮೇಷ್ಟ್ರ ಬಿಳಿ ಕಾರು. ಅವರ ಶಾಲೆಗೆ ಇದ್ದದ್ದು ಅದೊಂದೇ ಗಾಡಿ. ಕಲಿಸುವವರಿಗೆಂದು ಅದರ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇತ್ತು. ಹತ್ತು ದಿನದ ಕೆಳಗೆ ಬೆಳಗಾಗುವಷ್ಟರಲ್ಲಿ ಅದರ ಹಿಂಭಾಗ ಜಜ್ಜಿಹೋಗಿತ್ತು. ಬಾಗಿಲ ಮುಂದೆ ನಿಲ್ಲಿಸಿದ್ದ ಗಾಡಿಗೆ ಯಾರೋ ಗುದ್ದಿ ಓಡಿಹೋಗಿದ್ದಾರೆ ಎಂದು ಮೇಷ್ಟ್ರು ವಿಮಾ ಕಂಪನಿಗೆ ದೂರು ಕೊಟ್ಟಿದ್ದರು. ಕಂಪನಿ ಬಂದು ನೋಡಿ, "ಇದರಲ್ಲಿ ಮುಕ್ಕಾಲು ಪಾಲು ಹಳೆಯ ಪೆಟ್ಟು, ಕಲಿಯುವವರು ರಿವರ್ಸ್ ತೆಗೆಯುವಾಗ ಗೋಡೆಗೆ ಗುದ್ದಿಸಿದ್ದು" ಎಂದು ಷರಾ ಬರೆದು, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುವಂತೆ ಒಂದಿಷ್ಟು ಪರಿಹಾರ ಘೋಷಿಸಿ ಕೈತೊಳೆದುಕೊಂಡಿತ್ತು. ಆಗ ಮಗಳು ಬಂದು ತಟ್ಟಿದ್ದು ಸರ್ವೇಯರಮ್ಮನ ಬಾಗಿಲು. ಅರ್ಧ ಆಯುಷ್ಯವನ್ನು ವಿಮಾ ಕಂಪನಿಗಳ ಪರವಾಗಿ ಜಜ್ಜಿದ ಗಾಡಿಗಳನ್ನು ನೋಡಿ ನಷ್ಟ ಅಳೆಯುತ್ತ ಕಳೆದವಳು ಈಗ ಗಾಡಿಯವರ ಪರವಾಗಿ ನೋಡುತ್ತಿದ್ದಳು. ಊರಲ್ಲಿ ಅವಳ ನಿಜವಾದ ಹೆಸರು ಅಂಚೆಯವನಿಗೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ.

ಇಷ್ಟೇ ಆಗಿದ್ದರೆ ಅವಳು ಈ ಕೇಸನ್ನೂ ಎಲ್ಲ ಕೇಸಿನಂತೆ ಹಿಡಿಯುತ್ತಿದ್ದಳು. ಆದರೆ ಬೆಳ್ಳಕ್ಕಿಯ ಬಾಗಿಲು ತೆಗೆದಾಗ ಮೂಗಿಗೆ ಬಡಿದ ವಾಸನೆ ಅವಳನ್ನು ಅಷ್ಟಕ್ಕೆ ಬಿಡಲಿಲ್ಲ. ಬಿಸಿಲಿಗೆ ಕಾದ ರೆಕ್ಸಿನ್ನು, ಪೆಟ್ರೋಲು, ಮೇಷ್ಟ್ರ ಜೇಬಿನ ಲವಂಗ. ಇಪ್ಪತ್ತಾರು ವರ್ಷದ ಕೆಳಗೆ ಇದೇ ಸೀಟಿನಲ್ಲಿ, ಕಾಲು ಪೆಡಲಿಗೆ ಎಟುಕದೆ ಬೆನ್ನಿಗೆ ದಿಂಬು ಒತ್ತಿಕೊಂಡು ಕೂತಿದ್ದ ಹುಡುಗಿ ಅವಳೇ.

ಗೇರಿನ ಗುಂಡಿಯ ಮೇಲಿನ ಅಂಕಿಗಳು ಆಗಲೇ ಅರ್ಧ ಅಳಿಸಿದ್ದವು. ಈಗ ಪೂರ್ತಿ ನುಣುಪಾಗಿದ್ದವು. ಊರಿನ ಅರ್ಧ ಅಂಗೈಗಳು ಅವನ್ನು ಸವೆಸಿದ್ದವು.

"ಅಕ್ಕಾ, ಅಳ್ತಾ ಇದ್ದೀರಾ?"

"ಧೂಳು," ಎಂದಳು ಸರ್ವೇಯರಮ್ಮ. "ನಿಮ್ಮಪ್ಪ ಗಾಡಿ ತೊಳೆಸ್ತಾರೆ, ಶೆಡ್ಡು ಗುಡಿಸಲ್ಲ."

*

ಅನುಮಾನಕ್ಕೆ ಜನ ಇಲ್ಲದೇ ಇರಲಿಲ್ಲ. ಮಗಳು ಒಬ್ಬೊಬ್ಬರನ್ನೇ ಸಾಲಾಗಿ ನಿಲ್ಲಿಸಿದ್ದಳು.

ಮೊದಲನೆಯವನು ಬ್ರೆಡ್ ವ್ಯಾನಿನವನು. ದಿನಾ ನಸುಕಿನಲ್ಲಿ ಆ ಬೀದಿಗೆ ನುಗ್ಗಿ, ಕನ್ನಡಿ ನೋಡದೆ ಹಿಂದಕ್ಕೆ ತಿರುಗಿಸುವವನು. ಎರಡನೆಯವರು ಎದುರುಮನೆ ಗುಮಾಸ್ತರು. ತಮ್ಮ ಗೇಟಿನ ಮುಂದೆ ಕಾರು ನಿಲ್ಲಿಸಿದರೆಂದು ಮೇಷ್ಟ್ರ ಜೊತೆ ವರ್ಷದಿಂದ ಮಾತು ಬಿಟ್ಟವರು.

ಸರ್ವೇಯರಮ್ಮ ಇಬ್ಬರನ್ನೂ ಒಂದು ಸುತ್ತು ನೋಡಿ ಬಂದಿದ್ದಳು. ವ್ಯಾನಿನ ಬಂಪರು ಅವಳ ಸೊಂಟದ ಎತ್ತರಕ್ಕೆ ಬರುತ್ತಿತ್ತು, ಬೆಳ್ಳಕ್ಕಿಯ ಪೆಟ್ಟು ಮಂಡಿಯ ಮಟ್ಟದಲ್ಲಿತ್ತು. ಗುಮಾಸ್ತರ ಕಾರಿಗೆ ಚಕ್ರಗಳೇ ಇರಲಿಲ್ಲ, ಇಟ್ಟಿಗೆಯ ಮೇಲೆ ಕೂತು ಬೆಕ್ಕಿನ ಬಾಣಂತನಕ್ಕೆ ಬಿಟ್ಟುಕೊಟ್ಟಂತಿತ್ತು.

"ಹಾಗಾದ್ರೆ ಯಾರು?"

"ಯಾರು ಅನ್ನೋದು ಆಮೇಲೆ. ಮೊದಲು ಹೇಗೆ ಅಂತ ನೋಡೋಣ."

ಬೆಳ್ಳಕ್ಕಿಯ ಬಂಪರಿನ ಮೇಲೆ ಕಡುಗೆಂಪು ಬಣ್ಣದ ಗೀರು. ಅದರ ಮೇಲೆ ಅದೇ ಬಣ್ಣದ ಇನ್ನೊಂದು ಗೀರು, ಸ್ವಲ್ಪ ಓರೆಯಾಗಿ. ಸರ್ವೇಯರಮ್ಮ ಬೆರಳಿನಿಂದ ಎರಡನ್ನೂ ಸವರಿದಳು. ಒಂದೇ ಗಾಡಿ, ಎರಡು ಸಲ. ನಿಂತ ಗಾಡಿಗೆ ಕೈತಪ್ಪಿ ಗುದ್ದಿದವನು ಎರಡನೇ ಸಲ ಯಾಕೆ ಗುದ್ದುತ್ತಾನೆ?

ಅವಳು ಬಲ್ಬನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿ ತೆಗೆದಳು.

ಆರಿದ ಬಲ್ಬಿಗೆ ಪೆಟ್ಟು ಬಿದ್ದರೆ ಒಳಗಿನ ತಂತಿ ಒಣಕಡ್ಡಿಯ ಹಾಗೆ ಪಟ್ಟನೆ ಮುರಿಯುತ್ತದೆ. ಉರಿಯುತ್ತಿರುವ ಬಲ್ಬಿನ ತಂತಿ ಹಾಗಲ್ಲ. ಅದು ಕೆಂಪಗೆ ಕಾದು ಮೆತ್ತಗಾಗಿರುತ್ತದೆ. ಆಗ ಪೆಟ್ಟು ಬಿದ್ದರೆ ಸಕ್ಕರೆ ಪಾಕದ ಎಳೆಯ ಹಾಗೆ ಉದ್ದಕ್ಕೆ ಜಗ್ಗಿಕೊಳ್ಳುತ್ತದೆ. ಗಾಜೂ ಒಡೆದಿದ್ದರೆ ಗಾಳಿ ಸೋಕಿ, ಕಡ್ಡಿಗಳ ಮೇಲೆ ಹಳದಿ ಹುಡಿ ಕೂತಿರುತ್ತದೆ.

ಈ ತಂತಿ ಜಗ್ಗಿಕೊಂಡಿತ್ತು. ಕಡ್ಡಿಗಳ ಮೇಲೆ ಹಳದಿ ಹುಡಿಯೂ ಇತ್ತು.

"ಸಿಕ್ಕಿಬಿದ್ರು!" ಎಂದು ಅವಳು ಬಾಯಿಬಿಟ್ಟೇ ಹೇಳಿದಳು. "ಹಳೇ ಪೆಟ್ಟಂತೆ! ಹಳೇ ಪೆಟ್ಟಾಗಿದ್ರೆ ಗಾಜಿಲ್ಲದ ಬಲ್ಬಿನ ಈ ಹುಡಿ ಮಳೆಗೆ ಯಾವತ್ತೋ ತೊಳೆದುಹೋಗಿರ್ತಿತ್ತು. ಗುದ್ದಿದ ಗಳಿಗೇಲಿ ಇದು ಉರೀತಾ ಇತ್ತು. ಗಾಜು, ತಂತಿ ಎರಡೂ ಆ ಒಂದೇ ಪೆಟ್ಟಿಗೆ ಹೋಗಿವೆ. ಇದಕ್ಕಿಂತ ಸಾಕ್ಷಿ ಬೇಕಾ?"

ಮಗಳು ಟಾರ್ಚು ಬಿಸಾಕಿ ಅವಳನ್ನು ತಬ್ಬಿಕೊಂಡಳು. "ಅಕ್ಕಾ, ನಿಮ್ಮ ಬಾಯಿಗೆ ಸಕ್ಕರೆ ಹಾಕ! ಕಲಿಯೋರೆಲ್ಲ ಬೇರೆ ಶಾಲೆಗೆ ಹೋಗೋಕೆ ಶುರು ಮಾಡಿದಾರೆ. ಇನ್ನು ಹದಿನೈದು ದಿನ ಗಾಡಿ ರಿಪೇರಿ ಆಗ್ದೇ ಹೋದ್ರೆ ಬೋರ್ಡು ಇಳಿಸೋದೇ. ಅಪ್ಪ ಬಾಯಿ ಬಿಟ್ಟು ಹೇಳಲ್ಲ. ದಿನಾ ಬಂದು ಬೆಳ್ಳಕ್ಕಿ ತಲೆ ಸವರಿ ಹೋಗ್ತಾರೆ."

ಸರ್ವೇಯರಮ್ಮ ನಗುತ್ತಲೇ ಬಲ್ಬನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಲು ಹೋದಳು. ಅವಳ ಕೈ ಅರ್ಧಕ್ಕೇ ನಿಂತಿತು.

ಇದು ಬ್ರೇಕ್ ದೀಪ.

ಬೇರೆ ದೀಪಗಳನ್ನು ಹಚ್ಚಿಟ್ಟು ಮರೆತು ಹೋಗಬಹುದು. ಬ್ರೇಕ್ ದೀಪ ತಾನಾಗಿ ಉರಿಯುವುದಿಲ್ಲ. ಅದು ಉರಿಯಬೇಕಾದರೆ ಗಾಡಿಯೊಳಗೆ ಮನುಷ್ಯರು ಕೂತು, ಕಾಲು ಪೆಡಲ್ ಮೇಲಿರಬೇಕು.

ಬಾಗಿಲ ಮುಂದೆ ಬೀಗ ಹಾಕಿ ನಿಂತಿದ್ದ ಗಾಡಿಯಲ್ಲಿ ಬ್ರೇಕ್ ಒತ್ತಿದವರು ಯಾರು?

ಅತ್ತ ದರಿ, ಇತ್ತ ಪುಲಿ. ಕಂಪನಿಯ ಸುಳ್ಳನ್ನು ಹಿಡಿದುಕೊಟ್ಟ ಎಳೆ ತಿರುಗಿ ಮೇಷ್ಟ್ರ ಸುಳ್ಳನ್ನೂ ಹಿಡಿದುಕೊಟ್ಟಿತ್ತು.

"ಏನಾಯ್ತಕ್ಕಾ?"

"ಏನಿಲ್ಲ," ಎಂದು ಡಬ್ಬಿಯ ಮುಚ್ಚಳ ಹಾಕಿದಳು. "ಕಂಪನಿ ಆಫೀಸಿಗೆ ಹೋಗಿ ಬರ್ತೀನಿ. ಈ ವಿಷಯ ಅಪ್ಪನಿಗೆ ಈಗಲೇ ಹೇಳಬೇಡ."

*

ವಿಮಾ ಕಂಪನಿಯ ಮ್ಯಾನೇಜರನನ್ನು ಊರೆಲ್ಲ "ಸಾರ್" ಎನ್ನುತ್ತಿತ್ತು. ಸರ್ವೇಯರಮ್ಮನ ಪಾಲಿಗೆ ಅವನು ಕ್ಲಚ್ಚು.

ಒಂದೇ ಬೇಸಿಗೆಯಲ್ಲಿ, ಒಂದೇ ತಂಡದಲ್ಲಿ ಕಲಿತವರು ಅವರು. ಒಬ್ಬರು ಸ್ಟೀರಿಂಗ್ ಹಿಡಿದರೆ ಇನ್ನೊಬ್ಬರು ಹಿಂದಿನ ಸೀಟಿನಲ್ಲಿ ಕೂತು ನೋಡಬೇಕು, ಮೇಷ್ಟ್ರ ಕ್ರಮ ಅದು. ಅವನು ಕ್ಲಚ್ಚಿನ ಮೇಲಿಟ್ಟ ಕಾಲನ್ನು ತೆಗೆಯುತ್ತಲೇ ಇರಲಿಲ್ಲ. ಅವಳು ಬೀದಿಯಲ್ಲಿ ಕಾಗೆ ಕಂಡರೂ ಹಾರ್ನು ಹೊಡೆಯುತ್ತಿದ್ದಳು. ಮೇಷ್ಟ್ರು ಬೈಯುತ್ತಿರಲಿಲ್ಲ. ಕೀಲಿಗೊಂಚಲಿನಿಂದ ಡ್ಯಾಶ್‌ಬೋರ್ಡಿನ ಮೇಲೆ ಟಕಟಕ ಎನ್ನಿಸಿ, ಕಿಟಕಿಯಾಚೆ ನೋಡುತ್ತ, "ಕ್ಲಚ್ಚು, ಹಾರ್ನು ಇಬ್ಬರೂ ಸೇರಿದ್ರೆ ಒಂದು ಪೂರ್ತಿ ಡ್ರೈವರ್ ಆಗ್ತೀರಪ್ಪಾ" ಎನ್ನುತ್ತಿದ್ದರು.

ಅವಳು ಮೊದಲ ಸಲ ಗಾಡಿಯನ್ನು ನದಿಯ ಸೇತುವೆ ದಾಟಿಸಿದ ದಿನ ಹಿಂದಿನ ಸೀಟಿನಿಂದ ಚಪ್ಪಾಳೆ ತಟ್ಟಿದವನು ಅವನೇ.

"ಬಾ ಹಾರ್ನೂ, ಬಾ!" ಕ್ಲಚ್ಚು ಎದ್ದು ನಿಂತ. ತಲೆಯ ನಡುವೆ ಕೂದಲು ಹೋಗಿತ್ತು, ನಗು ಮಾತ್ರ ಹಾಗೇ ಇತ್ತು. "ಬೀದೀಲೆಲ್ಲ ಸದ್ದೇ ಕೇಳಲಿಲ್ಲ, ಹೇಗೆ ಬಂದೆ?"

"ನಡ್ಕೊಂಡು ಬಂದೆ. ನಿನ್ನ ಹಾಗೆ ಒಂದೇ ಕಡೆ ನಿಂತು ಇಂಜಿನ್ ಕೂಗಿಸಲ್ಲ ನಾನು."

ಇಬ್ಬರೂ ನಕ್ಕರು. ಅವನು ಟೀ ತರಿಸಿದ. ಗಾಜಿನ ಕೋಣೆಯ ಆಚೆ ಟೋಕನ್ ಹಿಡಿದ ಜನ ಫ್ಯಾನಿನ ಕೆಳಗೆ ತೂಕಡಿಸುತ್ತಿದ್ದರು. ಒಂದು ಗಳಿಗೆ ಅವಳಿಗೆ ಬಂದ ಕೆಲಸ ಹೇಳುವುದೇ ಬೇಡ, ಹೀಗೇ ಹಳೆಯ ಮಾತಾಡಿ ಎದ್ದು ಹೋಗೋಣ ಅನ್ನಿಸಿತು.

"ಮೇಷ್ಟ್ರ ಕೇಸಿಗೆ ಬಂದೆ," ಎಂದಳು.

ನಗು ಕೆಳಗಿಳಿಯಿತು. "ನನಗೂ ಬೇಜಾರೇ ಕಣೇ. ಆದ್ರೆ ನಮ್ಮ ಸರ್ವೇಯರ್ ಬರೆದದ್ದನ್ನ ನಾನು ತಿದ್ದೋಕಾಗಲ್ಲ. ಹಳೇ ಗಾಡಿ, ಹಳೇ ಪೆಟ್ಟು."

"ಬಂಪರ್ ಮೇಲೆ ಕಡುಗೆಂಪು ಬಣ್ಣ ಇದೆ. ನಿಮ್ಮ ಸರ್ವೇಯರ್ ಅದರ ಸುದ್ದೀನೇ ಎತ್ತಿಲ್ಲ. ಕಣ್ಣು ಕಾಣಲ್ವಾ ಅವರಿಗೆ?"

"ಯಾವುದೋ ಕಾಲದ ಗೀರು."

"ಬೆರಳಿಗೆ ಹುಡಿ ಅಂಟುತ್ತೆ ಕ್ಲಚ್ಚು. ಯಾವುದೋ ಕಾಲದ್ದಾಗಿದ್ರೆ ಮಳೆ ತೊಳೆದಿರ್ತಿತ್ತು." ಅವಳು ಡಬ್ಬಿ ತೆರೆದು ಬಲ್ಬನ್ನು ಮೇಜಿನ ಮೇಲಿಟ್ಟಳು. "ಅದೂ ಬೇಡ, ಇದನ್ನ ನೋಡು. ನೀನೂ ಕೆಲಸ ಶುರು ಮಾಡಿದ್ದು ಸರ್ವೇಯರ್ ಆಗಿ. ನಾನು ಬಿಡಿಸಿ ಹೇಳಬೇಕಾಗಿಲ್ಲ."

ಅವನು ಬಲ್ಬನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದ. ಸುಮಾರು ಹೊತ್ತು ನೋಡಿದ. ಮತ್ತೆ ತಲೆ ಎತ್ತಿದಾಗ ಮ್ಯಾನೇಜರನ ಮುಖವೂ ಇರಲಿಲ್ಲ, ಕ್ಲಚ್ಚಿನ ಮುಖವೂ ಇರಲಿಲ್ಲ.

"ಇದನ್ನ ಫೈಲಿಗೆ ಹಾಕಬೇಡ."

"ಯಾಕೆ?"

"ಯಾಕೆ ಅಂತ ನಿನಗೇ ಗೊತ್ತು. ಗಾಡಿ ನಿಂತಿತ್ತು ಅಂತ ಮೇಷ್ಟ್ರು ಬರೆದುಕೊಟ್ಟಿದಾರೆ. ಇದನ್ನ ತೋರಿಸಿದ್ರೆ ಪೆಟ್ಟು ಹೊಸದು ಅಂತ ಗೆಲ್ತೀಯ. ಗೆದ್ದ ಮರುಗಳಿಗೇಲೇ ಸುಳ್ಳು ಹೇಳಿಕೆ ಅಂತ ಇಡೀ ಪರಿಹಾರ ಸೊನ್ನೆ ಆಗುತ್ತೆ. ಕಂಪನಿ ಕೇಸು ಹಾಕಿದ್ರೆ ಶಾಲೆಯ ಲೈಸೆನ್ಸೂ ಹೋಗುತ್ತೆ. ಈ ವಯಸ್ಸಲ್ಲಿ ಅವರನ್ನ ಕಟಕಟೆ ಹತ್ತಿಸ್ತೀಯಾ?"

"ಅಂದ್ರೆ, ಕೊಟ್ಟಷ್ಟು ತಗೊಂಡು ಸುಮ್ಮನಿರಿ ಅಂತ."

"ಅವರ ಒಳ್ಳೇದಕ್ಕೇ ಹೇಳ್ತಿದೀನಿ." ಅವನ ದನಿ ಮೆತ್ತಗಾಯಿತು. "ಆ ಮನುಷ್ಯರು ನನಗೆ ಬರೀ ಗಾಡಿ ಕಲಿಸಲಿಲ್ಲ ಹಾರ್ನೂ. ನಮ್ಮಪ್ಪ ತೀರಿಹೋದ ವರ್ಷ ಫೀಸು ಕೇಳದೆ ಕೂರಿಸ್ಕೊಂಡ್ರು. ಅವರಿಗೆ ಕೆಟ್ಟದ್ದು ಮಾಡ್ತೀನಾ ನಾನು? ಈಗಲೂ ನೋಡು, ಪಕ್ಕದ ಸೀಟಲ್ಲಿ ಕೂತು ಆ ಬ್ರೇಕ್ ಒತ್ತಿದಾರಲ್ಲ, ಅದೇ ಕಾಲು, ಅದೇ ಚುರುಕು. ಇನ್ನೊಬ್ಬರಾಗಿದ್ರೆ ಅವತ್ತು ಗಾಡಿ ಸೀದಾ..."

ಅವನು ಮಾತು ನುಂಗಿದ. ತಡವಾಗಿತ್ತು.

ಸರ್ವೇಯರಮ್ಮ ಟೀ ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು.

"ಯಾರೋ ಬ್ರೇಕ್ ಒತ್ತಿದ್ರು ಅಂತ ಈ ಬಲ್ಬು ಹೇಳುತ್ತೆ. ಪಕ್ಕದ ಸೀಟಿಂದ ಒತ್ತಿದ್ರು ಅಂತ ಹೇಳಲ್ಲ. ನಾನೂ ಹೇಳಲಿಲ್ಲ."

"ಮೇಷ್ಟ್ರು ಯಾವಾಗಲೂ ಕೂರೋದು ಅಲ್ಲೇ ಅಲ್ವಾ? ಅದಕ್ಕೇ ಹೇಳಿದೆ."

"ಗಾಡಿ ಸೀದಾ ಎಲ್ಲಿಗೆ ಹೋಗ್ತಿತ್ತು ಕ್ಲಚ್ಚು?"

ಅವನು ಮೇಜಿನ ಮೇಲಿದ್ದ ನೀರಿನ ಲೋಟ ತೆಗೆದುಕೊಂಡ. ಅದು ಖಾಲಿಯಿತ್ತು. ಖಾಲಿ ಲೋಟವನ್ನೇ ಕುಡಿದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನಿನ್ನ ಕಥೆ," ಎಂದಳು. ಗೆದ್ದ ಖುಷಿ ಅವಳ ದನಿಯಲ್ಲಿರಲಿಲ್ಲ. "ನಿನ್ನನ್ನ ಹೀಗೆ ಕೇಳೋ ದಿನ ಬರುತ್ತೆ ಅಂದುಕೊಂಡಿರಲಿಲ್ಲ. ಅವತ್ತು ನೀನು ಎಲ್ಲಿದ್ದೆ?"

"ನನಗೆ ಮೀಟಿಂಗ್ ಇದೆ."

"ಕ್ಲಚ್ಚು..."

"ಇಲ್ಲಿ ನಾನು ಮ್ಯಾನೇಜರ್," ಎಂದು ಅವನು ಎದ್ದು ಬಾಗಿಲು ತೆರೆದು ಹಿಡಿದ.

*

ಮೇಷ್ಟ್ರು ಶಾಲೆಯ ಮೇಲಿನ ಮಹಡಿಯ ಬಾಲ್ಕನಿಯಲ್ಲಿ ಕೂತು, ರಸ್ತೆ ಚಿಹ್ನೆಗಳ ಹಲಗೆಗೆ ಹೊಸ ಬಣ್ಣ ಹಚ್ಚುತ್ತಿದ್ದರು. "ನಿಲ್ಲು" ಎಂಬ ಚಿಹ್ನೆಯ ಕೆಂಪು ಮುಗಿದಿತ್ತು. "ಮುಂದೆ ತಿರುವು" ಅರ್ಧದಲ್ಲಿತ್ತು. ಕಲಿಯಲು ಯಾರೂ ಬಾರದ ಶಾಲೆಯಲ್ಲಿ ಅವರಿಗೆ ಬೇರೆ ಕೆಲಸ ಇರಲಿಲ್ಲ.

"ಬಾ ಹಾರ್ನಮ್ಮ. ಮಗಳು ಕೆಳಗೆ ಫೋನಲ್ಲಿದ್ದಾಳೆ. ಕೂತ್ಕೋ. ಕುರ್ಚಿಗೆ ಬಣ್ಣ ತಾಗಿಲ್ಲ, ಹೆದರಬೇಡ."

ಅವಳು ಕೂತಳು. ಕೆಳಗೆ ಶೆಡ್ಡಿನ ಬಾಗಿಲಿನಿಂದ ಬೆಳ್ಳಕ್ಕಿಯ ಮೂತಿ ಕಾಣುತ್ತಿತ್ತು. ಮುಂದಿನಿಂದ ನೋಡಿದರೆ ಏನೂ ಆಗಿಲ್ಲದ ಹಾಗೆ, ಇನ್ನೇನು ಪಾಠಕ್ಕೆ ಹೊರಟ ಹಾಗೆ.

"ಮೇಷ್ಟ್ರೇ, ಗುದ್ದಿದಾಗ ಬೆಳ್ಳಕ್ಕಿ ನಿಂತಿರಲಿಲ್ಲ."

ಕುಂಚ ನಿಲ್ಲಲಿಲ್ಲ. "ಯಾರು ಹೇಳಿದ್ರು?"

"ಬೆಳ್ಳಕ್ಕೀನೇ ಹೇಳ್ತು."

ಅವರು ತಿರುವಿನ ಬಾಣವನ್ನು ಕೊನೆತನಕ ಎಳೆದು, ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ, ಆಮೇಲೆ ಅವಳತ್ತ ತಿರುಗಿದರು. ಕೋಪ ಇರಲಿಲ್ಲ. ಪರೀಕ್ಷೆಯಲ್ಲಿ ಪಾಸಾದ ಹುಡುಗಿಯನ್ನು ನೋಡುವ ಹಾಗೆ ನೋಡಿದರು.

"ಗಾಡಿ ಮಾತಾಡುತ್ತೆ, ಕಿವಿಗೊಟ್ಟು ಕೇಳಿ ಅಂತ ನಿಮಗೆಲ್ಲ ಹೇಳ್ತಿದ್ದೆ. ಒಬ್ಬಳಾದ್ರೂ ಕೇಳಿಸ್ಕೊಂಡಳಲ್ಲ."

"ನೀವು ಯಾಕೆ ಸುಳ್ಳು ಹೇಳಿದ್ರಿ?"

"ನೀನು ಇಲ್ಲಿಗೆ ಮೊದಲ ದಿನ ಬಂದದ್ದು ನೆನಪಿದ್ಯಾ? ಮನೇಲಿ ಏನಂತ ಹೇಳಿ ಬಂದಿದ್ದೆ?"

ಅವಳಿಗೆ ನೆನಪಿತ್ತು. "ಟೈಪಿಂಗ್ ಕ್ಲಾಸಿಗೆ ಅಂತ."

"ನಿಮ್ಮಣ್ಣ ಅನುಮಾನ ಬಂದು ಹುಡುಕ್ಕೊಂಡು ಬಂದು ನನ್ನ ಕೇಳಿದ, ನಮ್ಮ ತಂಗಿ ಇಲ್ಲಿಗೆ ಬರ್ತಾಳಾ ಅಂತ. ಆಗ ನಾನೇನಂದೆ?"

"'ಇಲ್ಲಿ ಟೈಪಿಂಗ್ ಕಲಿಸಲ್ಲ ಸ್ವಾಮೀ' ಅಂದ್ರಿ." ಇಷ್ಟು ವರ್ಷದ ಮೇಲೂ ಅವಳಿಗೆ ನಗು ಉಕ್ಕಿ ಬಂತು. ಅಣ್ಣ ಪೆಚ್ಚಾಗಿ ತಿರುಗಿ ಹೋಗಿದ್ದ. ಅವಳು ಬೆಳ್ಳಕ್ಕಿಯ ಸೀಟಿನ ಕೆಳಗೆ ಮುದುಡಿ ಕೂತಿದ್ದಳು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು.

"ಸುಳ್ಳೇನೂ ಹೇಳಲಿಲ್ಲ ನಾನು," ಎಂದು ಮೇಷ್ಟ್ರೂ ನಕ್ಕರು. ಆಮೇಲೆ ಆ ನಗು ಎಲ್ಲಿಗೋ ಹೋಯಿತು. "ಹೀಗೆ ಮನೇಲಿ ಹೇಳದೆ ಬಂದು ಕಲಿತವರು ಎಷ್ಟೋ ಜನ. ಯಾಕೆ ಅಂತ ಯಾರನ್ನೂ ಕೇಳಿದೋನಲ್ಲ. ಎರಡು ತಿಂಗಳ ಹಿಂದೆ ಇನ್ನೊಬ್ಬಳು ಬಂದಳು. ನಿನ್ನದೇ ವಯಸ್ಸು. 'ಮೇಷ್ಟ್ರೇ, ಬೆಳಕು ಹರಿಯೋ ಮೊದಲು ಕಲಿಸಿ, ಯಾರಿಗೂ ಗೊತ್ತಾಗಬಾರದು, ನಿಮ್ಮ ಮಗಳಿಗೂ' ಅಂದಳು. ಮಾತು ಕೊಟ್ಟೆ."

"ಅವತ್ತು ಸ್ಟೀರಿಂಗ್ ಹಿಡಿದಿದ್ದು ಆಕೆ."

"ಹೂಂ. ಚೆನ್ನಾಗಿ ಕಲಿತಿದ್ದಳು. ನಿನಗಿಂತ ಚೆನ್ನಾಗಿ ಅಂದ್ರೆ ಬೇಜಾರು ಮಾಡ್ಕೋಬೇಡ. ಹಳೇ ಸೇತುವೆ ಇಳಿಜಾರಿಗೆ ಬಂದಿದ್ವಿ. ಹಿಂದೆ ಒಂದು ಗಾಡಿ ಹತ್ತಿಕೊಂಡು ಬಂತು. ದಾರಿ ಬಿಡು ಅಂದೆ, ಬಿಟ್ಟಳು. ಅದು ಮುಂದೆ ಹೋಗಲಿಲ್ಲ. ಗುದ್ದಿತು. ಆಕೆ ಕೈ ಬಿಟ್ಟು ಕೂಗಿಕೊಂಡಳು, ಬೆಳ್ಳಕ್ಕಿ ಸೀದಾ ನದಿ ಕಡೆ ತಿರುಗ್ತು. ನಾನು ನನ್ನ ಕಡೆ ಬ್ರೇಕ್ ಒತ್ತಿದೆ. ಎರಡೂ ಕಾಲಲ್ಲಿ ಒತ್ತಿದೆ. ಆಗ ಇನ್ನೊಂದು ಸಲ ಗುದ್ದಿತು."

ಅವರು ಅಂಗೈಯಿಂದ ಮಂಡಿಯನ್ನು ತಿಕ್ಕಿಕೊಂಡರು.

"ಮುಂದಿನ ಚಕ್ರ ಸೇತುವೆ ಕಲ್ಲಿಗೆ ತಾಗಿ ನಿಂತ್ಕೊಳ್ತು. ಹಿಂದಿನೋನು ರಿವರ್ಸ್ ತಗೊಂಡು ಹೊರಟುಹೋದ. ಬೆಳಕಿರಲಿಲ್ಲ, ಅವನ ದೀಪ ಕಣ್ಣಿಗೆ ಹೊಡೀತಿತ್ತು, ಮುಖ ಕಾಣಲಿಲ್ಲ. ಆಕೆ ಇಳಿದು, 'ಯಾರಿಗೂ ಹೇಳಬೇಡಿ ಮೇಷ್ಟ್ರೇ' ಅಂತ ಕೈ ಮುಗಿದು ನಡ್ಕೊಂಡು ಹೋದಳು. ಅವತ್ತಿಂದ ಬಂದಿಲ್ಲ, ಫೋನೂ ಎತ್ತಲ್ಲ. ನಾನು ಬೆಳ್ಳಕ್ಕೀನ ತಂದು ಬಾಗಿಲ ಮುಂದೆ ನಿಲ್ಲಿಸಿ, ಮಗಳಿಗೂ ಕಂಪನಿಗೂ ಒಂದೇ ಸುಳ್ಳು ಹೇಳಿದೆ. ಗಾಡಿ ಹೋದ್ರೆ ಹೋಯ್ತು. ಮಾತು?"

ಸರ್ವೇಯರಮ್ಮ ಒಂದೊಂದೇ ಬೆರಳು ಮಡಚುತ್ತ ಹೋದಳು. ಪಕ್ಕದ ಸೀಟು, ಬ್ರೇಕ್ ಒತ್ತಿದ ಕಾಲು, ಸೀದಾ ನದಿ. ಇದನ್ನೆಲ್ಲ ಬಲ್ಲ ಇನ್ನೊಬ್ಬನ ಕೋಣೆಯಿಂದ ಅವಳು ಈಗಷ್ಟೇ ಎದ್ದು ಬಂದಿದ್ದಳು.

"ಯಾರು ಮೇಷ್ಟ್ರೇ ಆಕೆ?"

"ಹೆಸರು ಕೇಳಬೇಡ."

"ಹೆಸರು ಬೇಡ. ಆಕೆ ಗಂಡ ಯಾರು?"

ಮೇಷ್ಟ್ರು ಬಣ್ಣದ ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಹಾಕಿದರು. ಮುಚ್ಚಳ ಕೂತ ಮೇಲೂ ಒತ್ತಿದರು.

"ಅವನಿಗೂ ನಾನೇ ಕಲಿಸಿದ್ದು," ಎಂದರು. "ನಿನ್ನ ಜೊತೆಗೇ."

*

ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಮಗಳು ಏದುಸಿರು ಬಿಡುತ್ತ ಬಂದಳು. ಅವಳ ಮುಖ ಅರಳಿತ್ತು.

"ಅಕ್ಕಾ! ಗೆದ್ವಿ! ಕಂಪನಿಯಿಂದ ಫೋನ್ ಬಂದಿತ್ತು. ಕೇಳಿದಷ್ಟೂ ಕೊಡ್ತಾರಂತೆ, ಒಂದು ಕಾಸೂ ಕಡಿಮೆ ಮಾಡಲ್ವಂತೆ. ಗಾಡಿ ರಿಪೇರಿಗೆ ಲಾಯಕ್ಕಿಲ್ಲ ಅಂತ ಪೂರ್ತಿ ಬೆಲೇನೇ ಕಟ್ಟಿಕೊಡ್ತಾರಂತೆ! ಹೊಸ ಗಾಡೀನೇ ತಗೋಬಹುದು ಅಪ್ಪಾ!"

"ಬೆಳ್ಳಕ್ಕಿ?" ಎಂದರು ಮೇಷ್ಟ್ರು.

"ಅದನ್ನ ಕಂಪನಿಗೆ ಒಪ್ಪಿಸಿಬಿಡಬೇಕಂತೆ. ಇವತ್ತೇ, ಈಗಲೇ. ಎಳ್ಕೊಂಡು ಹೋಗೋ ಲಾರಿ ಕಳಿಸಿದೀನಿ ಅಂದ್ರು."

ಸರ್ವೇಯರಮ್ಮ ಎದ್ದು ನಿಂತಳು. ಇಷ್ಟು ವರ್ಷದ ಅನುಭವದಲ್ಲಿ, ಬೆಳಗ್ಗೆ ಕವಡೆ ಕೊಟ್ಟ ಕಂಪನಿ ಸಂಜೆಯೊಳಗೆ ಕೊಪ್ಪರಿಗೆ ಕೊಟ್ಟದ್ದನ್ನು ಅವಳು ಕಂಡಿರಲಿಲ್ಲ. ಕಂಪನಿಗಳು ಕೈ ಸಡಿಲ ಮಾಡುವುದು ಒಂದೋ ದಾಕ್ಷಿಣ್ಯಕ್ಕೆ, ಇಲ್ಲವೇ ಭಯಕ್ಕೆ. ದಾಕ್ಷಿಣ್ಯದ ಪರಿಚಯ ಅವಳಿಗೆ ಈವರೆಗೆ ಆಗಿರಲಿಲ್ಲ. ಬೆಳ್ಳಕ್ಕಿ ಹೋದರೆ ಬಂಪರಿನ ಮೇಲಿನ ಬಣ್ಣ ಹೋಗುತ್ತದೆ. ಬಣ್ಣ ಹೋದರೆ ಗುದ್ದಿದ ಗಾಡಿಯ ಗುರುತೇ ಹೋಗುತ್ತದೆ.

"ಕೊಡಬೇಡ," ಎಂದಳು. "ಗೇಟಿಗೆ ಬೀಗ ಹಾಕು."

"ಏನಕ್ಕಾ ನೀವು! ಇಷ್ಟು ದಿನ ಇದಕ್ಕೇ ಅಲ್ವಾ ಬಡಿದಾಡಿದ್ದು?"

ಅಷ್ಟರಲ್ಲಿ ಕೆಳಗೆ ಲಾರಿ ಬಂದು ನಿಂತಿತು. ಅದರ ಕೊಕ್ಕೆ ಗಾಳಿಯಲ್ಲಿ ತೂಗಾಡುತ್ತಿತ್ತು. ಡ್ರೈವರನ ಪಕ್ಕದ ಬಾಗಿಲು ತೆರೆದು ಒಬ್ಬ ಹೆಂಗಸು ಇಳಿದಳು. ಕೊರಳಿಗೆ ಆಸ್ಪತ್ರೆಯ ದಪ್ಪ ಪಟ್ಟಿ ಕಟ್ಟಿದ್ದರಿಂದ ಕತ್ತು ಎತ್ತಿ ನೋಡಲಾರದೆ, ಇಡೀ ಮೈಯನ್ನು ಹಿಂದಕ್ಕೆ ವಾಲಿಸಿ ಬಾಲ್ಕನಿಯತ್ತ ನೋಡಿದಳು.

ಮೇಷ್ಟ್ರ ಕೈ ಬಾಲ್ಕನಿಯ ಕಂಬಿಯನ್ನು ಹಿಡಿದುಕೊಂಡಿತು. "ಅವಳೇ," ಎಂದರು ಪಿಸುದನಿಯಲ್ಲಿ.

ಆಕೆ ಮೆಟ್ಟಿಲು ಹತ್ತಿ ಬಂದಳು. ಬಾಗಿಲಲ್ಲಿ ನಿಂತು ಗೋಡೆ ಹಿಡಿದು ಉಸಿರೆಳೆದುಕೊಂಡಳು.

"ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಗಾಡೀನ ಕಳಿಸಿಬಿಡಿ. ದುಡ್ಡು ಪೂರ್ತಿ ಬರುತ್ತೆ, ಅದಕ್ಕೆ ನಾನು ಹೊಣೆ. ಇದನ್ನ ಇಲ್ಲಿಗೇ ಮುಗಿಸೋಣ."

ಸರ್ವೇಯರಮ್ಮ ಮುಂದೆ ಬಂದು ಆಕೆಯ ತೋಳು ಹಿಡಿದಳು. "ಹೆದರಬೇಡಿ. ನಾನು ನಿಮ್ಮ ಕಡೆಯೋಳೇ. ನಿಮ್ಮ ಗಂಡ ಮಾಡಿದ್ದನ್ನ ನೀವು ಯಾಕೆ ಮು—"

"ನನ್ನ ಗಂಡನಾ?" ಆಕೆ ಬೆಚ್ಚಿ ನೋಡಿದಳು. "ಅಯ್ಯೋ, ಇಲ್ಲ. ಅವರಿಗೆ ಈ ವಿಷಯ ಗೊತ್ತಾಗಿದ್ದೇ ಆಸ್ಪತ್ರೇಲಿ. ಅವರು ಇದನ್ನೆಲ್ಲ ಮುಚ್ಚಿ ಹಾಕ್ತಿರೋದು ತಮಗೋಸ್ಕರ ಅಲ್ಲ, ಮೇಷ್ಟ್ರಿಗೋಸ್ಕರ."

"ಮೇಷ್ಟ್ರಿಗೋಸ್ಕರ?"

"ಹಿಂದಿನ ಗಾಡೀಲಿ ಇದ್ದವರ ಮುಖ ಮೇಷ್ಟ್ರಿಗೆ ಕಾಣಲಿಲ್ಲ. ನಮ್ಮ ಬ್ರೇಕ್ ದೀಪದ ಬೆಳಕು ಬಿದ್ದಾಗ ನನಗೆ ಕನ್ನಡೀಲಿ ಕಾಣಿಸ್ತು."

ಆಕೆ ಪಟ್ಟಿ ಕಟ್ಟಿದ ಕೊರಳನ್ನು ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸಿದಳು, ಮೇಷ್ಟ್ರ ಕಡೆಗಲ್ಲ, ಅವರ ಹಿಂದೆ ನಿಂತಿದ್ದ ಮಗಳ ಕಡೆಗೆ.

"ಆ ನಸುಕಲ್ಲಿ ಯಾರದೋ ಗಾಡೀಲಿ ನಮ್ಮ ಹಿಂದೆ ಯಾಕೆ ಬಂದೆ ಅಂತ ನೀನಾಗಿ ಹೇಳ್ತೀಯಾ ತಂಗೀ," ಎಂದಳು, "ಇಲ್ಲ, ನಾನೇ ಹೇಳಲಾ?"